ನಾಲ್ಕನೇ ಸಾಲು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಕಾಲೇಜಿನಲ್ಲಿ ಎಲ್ಲರೂ ನನ್ನ ಬೆನ್ನ ಹಿಂದೆ ಹೇಳುತ್ತಾರೆ. ವಿದ್ಯಾರ್ಥಿಗಳು ಇಟ್ಟ ಹೆಸರು ‘ಕಿಡಿ ಮೇಡಂ’. ಇರಲಿ, ನನಗೇನೂ ಬೇಸರವಿಲ್ಲ. ಆದರೆ ಆ ಸೋಮವಾರ ಸಭೆಯ ಕೋಣೆಯಲ್ಲಿ ಪರದೆ ಮೇಲೆ ಬಿದ್ದ ಕೋಷ್ಟಕವನ್ನು ನೋಡಿದ್ದರೆ ಎಂಥ ತಣ್ಣನೆಯ ಮನುಷ್ಯರಿಗೂ ಮೈ ಉರಿಯುತ್ತಿತ್ತು.

ಕೋಷ್ಟಕದ ಎಡಗಡೆ ಮೇಲಿಂದ ಕೆಳಕ್ಕೆ ನಮ್ಮ ಮ್ಯಾನೇಜ್‌ಮೆಂಟ್ ಕಾಲೇಜಿನ ನಾಲ್ಕು ಕಲಿಕಾ ಗುರಿಗಳಿದ್ದವು. ಮೇಲ್ಗಡೆ ಅಡ್ಡಕ್ಕೆ ವಿಶ್ವವಿದ್ಯಾಲಯದ ಹೊಸ ಧ್ಯೇಯವಾಕ್ಯವನ್ನು ಐದು ತುಂಡು ಮಾಡಿ ಐದು ಮನೆಗಳಲ್ಲಿ ಕೂರಿಸಿದ್ದರು. ನಮ್ಮ ಗುರಿ ಅವರ ಮಾತಿಗೆ ಹೊಂದಿದ ಕಡೆಯಲ್ಲೆಲ್ಲ ಹಸಿರು ಗುರುತು. ಮೊದಲ ಮೂರು ಸಾಲುಗಳಲ್ಲಿ ಹಸಿರೋ ಹಸಿರು. ನಾಲ್ಕನೇ ಸಾಲಿನ ಐದೂ ಮನೆ ಖಾಲಿ, ಕೊನೆಯಲ್ಲಿ ಕೆಂಪು ಅಕ್ಷರದಲ್ಲಿ ಒಂದೇ ಪದ: ಕೈಬಿಡುವುದು.

ಆ ನಾಲ್ಕನೇ ಗುರಿ ಇಷ್ಟೇ: ‘ತಪ್ಪು ಕಂಡಾಗ, ಅದನ್ನು ಸರಿಪಡಿಸುವ ಅಧಿಕಾರ ಇರುವವರ ಎದುರು ನಿಂತು ನಮ್ಮ ವಿದ್ಯಾರ್ಥಿ ಬಾಯಿಬಿಟ್ಟು ಹೇಳಬಲ್ಲವನಾಗಬೇಕು.’

‘ಇದ್ಯಾಕೆ ಕೆಂಪು?’ ಎಂದು ಕೇಳಿದೆ.

ಪರದೆಯ ಪಕ್ಕ ನಿಂತಿದ್ದವನು ವಿಶ್ವವಿದ್ಯಾಲಯ ಕರೆಸಿದ ಸಲಹೆಗಾರ. ಅವನು ತೋರಿಸುವ ಪ್ರತಿ ಚಿತ್ರದಲ್ಲೂ ಎಡದಿಂದ ಬಲಕ್ಕೆ, ಕೆಳಗಿಂದ ಮೇಲಕ್ಕೆ ಬಾಣಗಳು ಹೋಗುತ್ತಿರುತ್ತವಾದ್ದರಿಂದ ನಾವು ಅವನನ್ನು ‘ಬಾಣದವನು’ ಎನ್ನುತ್ತಿದ್ದೆವು. ಅವನು ನಗುತ್ತಲೇ ಉತ್ತರ ಕೊಟ್ಟ. ‘ಯೂನಿವರ್ಸಿಟಿ ಧ್ಯೇಯದಲ್ಲಿ ಇದಕ್ಕೆ ಜಾಗ ಇಲ್ಲ ಮೇಡಂ. ಜಾಗ ಇಲ್ಲದ ಗುರೀನ ಇಟ್ಕೊಂಡ್ರೆ ಮಾನ್ಯತೆ ಕೊಡೋಕೆ ಬರೋ ತಂಡ ಪ್ರಶ್ನೆ ಮಾಡುತ್ತೆ. ಅಮ್ಮನ ಮನೆ ಪದ್ಧತಿಗೆ ಮಗಳ ಮನೆ ಪದ್ಧತಿ ಹೊಂದ್ಬೇಕಲ್ವಾ?’

‘ಅಮ್ಮನ ಮನೇಲಿ ಒಲೆ ಇಲ್ಲ ಅಂತ ಮಗಳು ತನ್ನ ಒಲೆ ಒಡೆದು ಹಾಕ್ಬೇಕಾ?’

ಯಾರೋ ಕಿಸಕ್ಕೆಂದರು. ಡೀನ್ ಕೆಮ್ಮಿದರು. ನಮ್ಮ ಡೀನ್ ಕೆಟ್ಟವರಲ್ಲ. ಆದರೆ ಯಾವ ಮಾತಿಗೂ ಅವರ ಉತ್ತರ ‘ನೋಡೋಣ’. ರಜೆ ಕೇಳಿದರೂ ನೋಡೋಣ, ಕಿಟಕಿ ಗಾಜು ಒಡೆದಿದೆ ಎಂದರೂ ನೋಡೋಣ. ಅವರು ನೋಡೋಣ ಎಂದರೆ ಆ ಕೆಲಸಕ್ಕೆ ಎಳ್ಳುನೀರು ಬಿಟ್ಟಂತೆಯೇ.

‘ಮೂರು ಗುರಿ ಎಷ್ಟು ಚೆನ್ನಾಗಿ ಹೊಂದಿದೆ ನೋಡಿ ಮೇಡಂ,’ ಎಂದರು. ‘ಅಳತೆ ತಗೊಂಡು ಹೊಲಿಸಿದ ಹಾಗಿದೆ. ಒಂದಕ್ಕೋಸ್ಕರ ಯಾಕೆ ರಂಪ. ಶುಕ್ರವಾರ ಯೂನಿವರ್ಸಿಟಿ ಪರಿಷತ್ತಿನಲ್ಲಿ ಪಾಸ್ ಆಗ್ಲಿ, ಆಮೇಲೆ ನೋಡೋಣ.’

‘ಗುರಿ ಹೋದ್ರೆ ಅದನ್ನ ಕಲಿಸೋ ನನ್ನ ಗುರುವಾರದ ಕ್ಲಾಸು?’

‘ಗುರಿ ಇಲ್ಲದ ಕ್ಲಾಸಿಗೆ ವೇಳಾಪಟ್ಟೀಲಿ ಹೇಗೆ ಜಾಗ ಕೊಡ್ಲಿ ಹೇಳಿ.’

ನಾನು ಕುರ್ಚಿಯನ್ನು ಸದ್ದು ಮಾಡಿಯೇ ಹಿಂದಕ್ಕೆ ತಳ್ಳಿ ಹೊರಬಂದೆ. ಆ ಸಾಲು ಎಲ್ಲಿಂದ ಬಂದದ್ದೆಂದು ಆ ಕೋಣೆಯಲ್ಲಿದ್ದ ಅರ್ಧ ಜನರಿಗೆ ಗೊತ್ತಿತ್ತು. ಗೊತ್ತಿದ್ದೂ ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು.

ಒಂಬತ್ತು ವರ್ಷದ ಹಿಂದೆ ನನ್ನ ಭಾವ, ಅಂದರೆ ಅಕ್ಕನ ಗಂಡ, ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದರು. ಅಲ್ಲಿ ಸಾಮಾನು ಜೋಡಿಸುವ ಕಬ್ಬಿಣದ ಅಟ್ಟಣಿಗೆಗಳು ಛಾವಣಿ ಮುಟ್ಟುವಷ್ಟು ಎತ್ತರ. ಒಂದು ಅಟ್ಟಣಿಗೆಯ ಕಾಲಿಗೆ ಸಾಮಾನು ಎತ್ತುವ ಗಾಡಿ ತಗುಲಿ ಕಾಲು ಬಾಗಿತ್ತು. ಅಲ್ಲಿನ ಮೇಲ್ವಿಚಾರಕ ಅದನ್ನು ಮೂರು ವಾರ ದಿನಾ ನೋಡಿದ. ಅಟ್ಟಣಿಗೆ ಖಾಲಿ ಮಾಡಿಸಬೇಕಾದರೆ ಒಂದು ದಿನ ಸಾಗಣೆ ನಿಲ್ಲಿಸಬೇಕು, ಮೇಲಿನವರ ಹತ್ತಿರ ಬೈಸಿಕೊಳ್ಳಬೇಕು. ಅವನು ಸುಮ್ಮನಿದ್ದ. ನಾಲ್ಕನೇ ವಾರ ಅದು ಕುಸಿಯಿತು. ಕೆಳಗೆ ಭಾವ ಇದ್ದರು.

ಆ ಮೇಲ್ವಿಚಾರಕ ನಮ್ಮ ಕಾಲೇಜಿನಲ್ಲೇ ಓದಿದವನು. ಚಿನ್ನದ ಪದಕ ತೆಗೆದುಕೊಂಡವನು. ನಾನೇ ಪಾಠ ಮಾಡಿದ್ದೆ. ವಿಚಾರಣೆಯಲ್ಲಿ ಅವನು ತಲೆ ತಗ್ಗಿಸಿ ಹೇಳಿದ ಮಾತು ನನ್ನ ಕಿವಿಯಲ್ಲಿ ಹಾಗೇ ಉಳಿದಿದೆ. ‘ನನಗೆ ಗೊತ್ತಿತ್ತು. ಹೇಳೋದು ಹೇಗೆ ಅಂತ ಗೊತ್ತಾಗ್ಲಿಲ್ಲ.’ ಎರಡು ವರ್ಷ ನಾವು ಅವನಿಗೆ ಮಾರುಕಟ್ಟೆ ಕಲಿಸಿದೆವು, ಬಂಡವಾಳ ಕಲಿಸಿದೆವು, ಕೋಟು ಹಾಕಿಕೊಂಡು ಮಾತಾಡುವುದನ್ನು ಕಲಿಸಿದೆವು. ಒಂದು ಬಾಗಿಲು ತಟ್ಟಿ ಒಳಗೆ ಹೋಗಿ ‘ಕಾಲು ಬಾಗಿದೆ’ ಎಂದು ಹೇಳುವುದನ್ನು ಕಲಿಸಿರಲಿಲ್ಲ.

ಆಗಿದ್ದ ಹಳೇ ಪ್ರಿನ್ಸಿಪಾಲರು ಎರಡು ಕೆಲಸ ಮಾಡಿದರು. ಅಕ್ಕನಿಗೆ ಕಾಲೇಜಿನ ಜೆರಾಕ್ಸ್ ಕೋಣೆಯಲ್ಲಿ ಕೆಲಸ ಕೊಡಿಸಿದರು. ನನ್ನನ್ನು ಕರೆದು, ‘ನಾಲ್ಕನೇ ಗುರಿ ಬರಿ, ಅದಕ್ಕೊಂದು ಕ್ಲಾಸು ಮಾಡು,’ ಎಂದರು. ಬರೆದೆ. ಕಾಲೇಜಿನ ಕೈಪಿಡಿ ಅಚ್ಚಾಗುವಾಗ ಮೂರು ಗುರಿಗಳ ಕೆಳಗೆ ಅದನ್ನು ತುರುಕಬೇಡಿ, ಹಾಳೆ ತಿರುವಿದರೆ ಇಡೀ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಅದೊಂದೇ ಇರಲಿ ಎಂದು ಹಠ ಹಿಡಿದವಳೂ ನಾನೇ. ಭಾವನ ಹೆಸರು ಎಲ್ಲೂ ಹಾಕಲಿಲ್ಲ. ಅದು ಅವರ ಪುಟ ಎಂದು ನನಗೂ ಅಕ್ಕನಿಗೂ ಗೊತ್ತಿದ್ದರೆ ಸಾಕಿತ್ತು.

ಕ್ಲಾಸು ನಡೆಯುವುದು ಹೀಗೆ. ನಾನು ಮೇಜಿನ ಹಿಂದೆ ದೊಡ್ಡ ಕುರ್ಚಿಯಲ್ಲಿ ಯಜಮಾನಿಯಾಗಿ ಕೂರುತ್ತೇನೆ. ವಿದ್ಯಾರ್ಥಿ ಹೊರಗಿನಿಂದ ಬಾಗಿಲು ತಟ್ಟಿ ಬಂದು ಮೂರು ಮಾತು ಹೇಳಬೇಕು: ಏನು ಕಂಡೆ, ಅದರಿಂದ ಏನಾಗಬಹುದು, ಈಗ ಏನು ನಿಲ್ಲಿಸಬೇಕು. ಮೊದಲ ಮಾತು ‘ನಾನು’ ಎಂದೇ ಶುರುವಾಗಬೇಕು. ‘ಗಮನಕ್ಕೆ ಬಂದಿದೆ’, ‘ಕೆಲವರು ಹೇಳುತ್ತಾರೆ’ ಎಂದರೆ ಹೊರಗೆ ಹೋಗಿ ಮತ್ತೆ ಬರಬೇಕು. ನಾನು ಫೋನಿನಲ್ಲಿ ಮಾತಾಡುತ್ತೇನೆ, ಗದರುತ್ತೇನೆ, ಟೀ ಕುಡಿಯಿರಿ ಎನ್ನುತ್ತೇನೆ, ನಾಳೆ ಬಾ ಎನ್ನುತ್ತೇನೆ. ನಾನು ಒಂದು ಚೀಟಿಯಲ್ಲಿ ಉತ್ತರ ಬರೆದು ಕೊಡುವ ತನಕ ಅವರು ಕದಲುವಂತಿಲ್ಲ. ಮೊದಲ ವಾರ ಅರ್ಧಕ್ಕರ್ಧ ಮಂದಿ ಟೀ ಎಂದಕೂಡಲೇ ಥ್ಯಾಂಕ್ಸ್ ಹೇಳಿ ಹೊರಟುಬಿಡುತ್ತಾರೆ. ವರ್ಷದ ಕೊನೆಗೆ ಒಬ್ಬರೂ ಕದಲುವುದಿಲ್ಲ.

ಮಂಗಳವಾರ ನಾನು ವಿಶ್ವವಿದ್ಯಾಲಯದ ಕಚೇರಿಗೆ ಹೋದೆ. ಆ ಮೂರು ಗುರಿ ಅಷ್ಟು ನುಣ್ಣಗೆ ಹೊಂದಿದ್ದೇ ನನ್ನ ತಲೆ ಕೊರೆಯುತ್ತಿತ್ತು. ನಾವು ಬರೆದದ್ದು ನಾವು ಯೋಚಿಸಿ, ಅವರು ಬರೆದದ್ದು ಅವರು ಯೋಚಿಸಿ. ಪದಕ್ಕೆ ಪದ ಕೂಡಿಕೊಳ್ಳುವುದೆಂದರೇನು? ಯಾರೋ ಬೇಕೆಂದೇ ನಾಲ್ಕನೆಯದನ್ನು ಕತ್ತರಿಸಿದ್ದಾರೆ ಎಂದು ನನಗೆ ಖಾತ್ರಿಯಾಗಿತ್ತು. ಎದುರು ಮಾತಾಡುವ ಹುಡುಗರು ಯಾರಿಗೆ ಬೇಕು. ಬಸ್ಸಿನಲ್ಲಿ ಕೂತು ಡೀನನ್ನೂ ಬಾಣದವನನ್ನೂ ಮನಸ್ಸಿನಲ್ಲೇ ನಾಲ್ಕು ಸಲ ಕೆಲಸದಿಂದ ತೆಗೆದುಹಾಕಿದೆ.

ಕಡತಗಳ ಕೋಣೆಯ ಗುಮಾಸ್ತೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಧೂಳಿನ ನಡುವೆ ಒಂದು ಕಟ್ಟು ಹುಡುಕಿ ಕೊಟ್ಟಳು. ಕಟ್ಟಿನೊಳಗೆ ವಿಷಯ ಬಿಚ್ಚಿಕೊಂಡಿತು. ನಾಲ್ಕು ವರ್ಷದ ಹಿಂದೆ ಹೊಸ ಧ್ಯೇಯವಾಕ್ಯ ಬರೆಯುವ ಮುಂಚೆ ವಿಶ್ವವಿದ್ಯಾಲಯದವರು ಎಲ್ಲ ಕಾಲೇಜುಗಳಿಗೂ ‘ನಿಮ್ಮ ಗುರಿಗಳನ್ನು ಕಳಿಸಿ’ ಎಂದು ಪತ್ರ ಬರೆದಿದ್ದರು. ಬಂದದ್ದನ್ನೆಲ್ಲ ಮುಂದಿಟ್ಟುಕೊಂಡು, ಚೆನ್ನಾಗಿ ಕಂಡ ಮಾತುಗಳನ್ನು ಆರಿಸಿ ಧ್ಯೇಯ ಕಟ್ಟಿದ್ದರು. ಐದರಲ್ಲಿ ಮೂರು ಮಾತು ನಮ್ಮ ಕಾಲೇಜಿನವು. ನಮ್ಮದೇ ಅಂಗಿಯನ್ನು ನಮಗೆ ತೊಡಿಸಿ, ಅಳತೆ ಎಷ್ಟು ಸರಿಯಾಗಿದೆ ಎಂದು ಸಭೆ ಮಾಡಿ ಚಪ್ಪಾಳೆ ತಟ್ಟುತ್ತಿದ್ದರು!

ಆದರೆ ನಮ್ಮ ಕಾಲೇಜಿನಿಂದ ಹೋಗಿದ್ದ ಹಾಳೆಯಲ್ಲಿ ಮೂರೇ ಗುರಿ ಇದ್ದವು. ಕೈಪಿಡಿಯ ಆ ಹಾಳೆಯ ಜೆರಾಕ್ಸ್ ಅದು. ನಾನು ಹಾಳೆಯನ್ನು ತಿರುವಿದೆ. ಹಿಂಬದಿ ಬೆಳ್ಳಗಿತ್ತು.

‘ಇದನ್ನ ಕಳಿಸಿದ್ದು ಯಾರು?’ ಎಂದು ಗುಮಾಸ್ತೆಯನ್ನು ಕೇಳಿದೆ. ನನ್ನ ದನಿಗೆ ಪಕ್ಕದ ಮೇಜಿನವರು ತಲೆಯೆತ್ತಿದರು.

‘ನಿಮ್ಮ ಕಾಲೇಜಿನವರೇ ಮೇಡಂ. ಡೀನ್ ಆಫೀಸಿನ ಮುದ್ರೆ ಇದೆಯಲ್ಲ. ನನ್ನ ಮೇಲೆ ಯಾಕೆ ಕೂಗ್ತೀರಾ?’

ಅವಳು ಹೇಳಿದ್ದು ಸರಿ, ಅವಳ ಮೇಲೆ ಕೂಗಬಾರದಿತ್ತು. ಆದರೂ ಕ್ಷಮೆ ಕೇಳುವಷ್ಟು ತಾಳ್ಮೆ ಅವತ್ತು ನನ್ನಲ್ಲಿರಲಿಲ್ಲ. ಡೀನ್ ಆಫೀಸಿನ ಮುದ್ರೆ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ವಾಪಸು ಬಂದೆ.

ನಾನೂ ಅಕ್ಕನೂ ಒಂದೇ ಮನೆಯಲ್ಲಿದ್ದೇವೆ. ರಾತ್ರಿ ಊಟಕ್ಕೆ ಕೂತಾಗ ಎಲ್ಲವನ್ನೂ ಅವಳ ಮುಂದೆ ಕಾರಿಕೊಂಡೆ. ‘ಒಂದೇ ಸೈಡ್ ಜೆರಾಕ್ಸ್ ಮಾಡಿಸಿ ಕಳಿಸಿದ್ದಾರೆ ಅಕ್ಕ. ಬೇಕೂಂತ. ನೋಡೋಣ ಸಾಹೇಬ್ರಿಗೆ ಆಗಿನಿಂದ್ಲೂ ಆ ಕ್ಲಾಸ್ ಕಂಡ್ರೆ ಆಗಲ್ಲ. ನಿನ್ನ ಹತ್ರ ಹಳೇ ಚೀಟಿಗಳು ಇದೆಯಲ್ಲ?’

ಜೆರಾಕ್ಸ್ ಕೋಣೆಗೆ ಯಾವ ಕಾಗದ ಹೋದರೂ ಜತೆಗೊಂದು ಚೀಟಿ ಹೋಗಬೇಕು. ಯಾವ ಪುಟ, ಎಷ್ಟು ಪ್ರತಿ, ಒಂದು ಬದಿಯೋ ಎರಡೋ, ಕೇಳಿದವರ ಸಹಿ. ಅಕ್ಕ ಒಂದು ಚೀಟಿಯನ್ನೂ ಬಿಸಾಡುವುದಿಲ್ಲ. ವರ್ಷಕ್ಕೊಂದು ದಬ್ಬಳದ ದಾರದಲ್ಲಿ ಪೋಣಿಸಿ ಮೊಳೆಗೆ ತೂಗುಹಾಕುತ್ತಾಳೆ. ನಾನು ಎಷ್ಟೋ ಸಲ ಅದಕ್ಕೆ ನಕ್ಕಿದ್ದೇನೆ.

‘ಇದೆ,’ ಎಂದಳು ಅಕ್ಕ. ತಟ್ಟೆಯಿಂದ ತಲೆಯೆತ್ತಲಿಲ್ಲ. ‘ನಾಳೆ ಬಾ, ಕೊಡ್ತೀನಿ.’

‘ಸಿಕ್ತು ಅಂದ್ರೆ ಶುಕ್ರವಾರ ಪರಿಷತ್ತಿನಲ್ಲಿ ಎಲ್ಲರ ಮುಂದೆ ಆ ಮನುಷ್ಯನ ನೀರಿಳಿಸ್ತೀನಿ.’

‘ಊಟ ಮಾಡು,’ ಎಂದಳು.

ಬುಧವಾರ ಬೆಳಿಗ್ಗೆ ಮೊದಲ ಗಂಟೆಗೇ ಜೆರಾಕ್ಸ್ ಕೋಣೆಗೆ ಹೋದೆ. ಉದ್ದಕ್ಕೆ ಎರಡು ಯಂತ್ರ, ಅಂಚು ಸವೆದ ಒಂದು ಮೇಜು, ಕತ್ತರಿಸಿದ ಕಾಗದದ ಚೂರು ತುಂಬಿದ ಬುಟ್ಟಿ, ಯಂತ್ರದ ಶಾಖದಿಂದ ಯಾವಾಗಲೂ ಬೆಚ್ಚಗಿರುವ ಗೋಡೆ. ಅಕ್ಕ ಆಗಲೇ ಒಂದು ಚೀಟಿ ತೆಗೆದು ಮೇಜಿನ ಮೇಲೆ ಇಟ್ಟಿದ್ದಳು, ಹಾರದಂತೆ ಮೇಲೆ ಸ್ಟೇಪ್ಲರ್ ಒತ್ತಿದ್ದಳು.

‘ಕೈಪಿಡಿ, ಗುರಿಗಳ ಪುಟ. ಹನ್ನೆರಡು ಪ್ರತಿ. ಒಂದೇ ಬದಿ ಸಾಕು. ತುರ್ತು.’

ಕೆಳಗೆ ಸಹಿ. ನನ್ನ ಸಹಿ.

ಓದಿದ್ದನ್ನೇ ಮತ್ತೆ ಓದಿದೆ. ‘ತುರ್ತು’ ಎಂಬುದರ ಕೆಳಗೆ ಎರಡು ಗೆರೆ ಎಳೆಯುವ ಚಟ ಇಡೀ ಕಾಲೇಜಿನಲ್ಲಿ ನನ್ನೊಬ್ಬಳಿಗೆ. ಆ ವರ್ಷ ಡೀನ್ ರಜೆಯಲ್ಲಿದ್ದಾಗ ಆರು ವಾರ ಆ ಆಫೀಸನ್ನು ನೋಡಿಕೊಂಡವಳು ನಾನು. ಮುದ್ರೆ ಒತ್ತಿದವಳೂ ನಾನೇ. ಆ ಕೈಪಿಡಿಯಲ್ಲಿ ಮಿಕ್ಕ ಎಲ್ಲ ಹಾಳೆಗಳ ಹಿಂದೆಯೂ ಕಟ್ಟಡದ ಫೋಟೋಗಳಿದ್ದವು. ಇದರ ಹಿಂದೆಯೂ ಫೋಟೋ ಎಂದುಕೊಂಡಿರಬೇಕು. ಇಡೀ ಪುಟ ಬೇಕೆಂದು ಹಠ ಹಿಡಿದವಳಿಗೇ ಆ ಪುಟ ಮರೆತುಹೋಗಿತ್ತು.

ಅಕ್ಕ ಯಂತ್ರಕ್ಕೆ ಕಾಗದ ತುಂಬುತ್ತಿದ್ದಳು.

‘ಅವತ್ತು ತುಂಬ ಕೆಲಸ ಇತ್ತು,’ ಎಂದೆ. ‘ಯೂನಿವರ್ಸಿಟಿಯವರು ಮಾರನೇ ದಿನಾನೇ ಬೇಕು ಅಂದಿದ್ರು. ಅವ್ರಾದ್ರೂ ಒಂದ್ಸಲ ಫೋನ್ ಮಾಡಿ ಕೇಳ್ಬಹುದಿತ್ತು. ನಾಲ್ಕು ವರ್ಷದಿಂದ ಒಬ್ಬರೂ ನೋಡಿಲ್ಲ ಅಂದ್ರೆ...’

‘ಮೂರು ದಿನದಿಂದ ಊರನ್ನೆಲ್ಲ ಬೈಕೊಂಡು ಓಡಾಡ್ತಿದ್ದೀಯ,’ ಎಂದಳು ಅಕ್ಕ. ದನಿ ಏರಿಸಲಿಲ್ಲ. ‘ಈಗ್ಲೂ ಬೈತಾನೇ ಇದ್ದೀಯ.’

ನನಗೆ ಅವಳ ಮೇಲೂ ಸಿಟ್ಟು ಬಂತು. ಚೀಟಿಯನ್ನು ಪರ್ಸಿಗೆ ತುರುಕಿಕೊಂಡು ಹೊರಟುಬಿಟ್ಟೆ.

ಗುರುವಾರ ಕ್ಲಾಸಿಗೆ ಹೋದಾಗ ಪರ್ಸಿನಲ್ಲಿ ಆ ಚೀಟಿ ಹಾಗೇ ಇತ್ತು. ಇದೇ ಕೊನೆಯ ಕ್ಲಾಸು ಎಂಬ ಸುದ್ದಿ ಆಗಲೇ ಹಬ್ಬಿ ಎಲ್ಲರೂ ಮುಖ ಇಳಿಬಿಟ್ಟುಕೊಂಡಿದ್ದರು. ನಾನು ಯಜಮಾನಿಯ ಕುರ್ಚಿಯಲ್ಲಿ ಕೂತೆ. ಒಬ್ಬ ಹುಡುಗಿ ಬಾಗಿಲು ತಟ್ಟಿ ಬಂದಳು.

‘ಮೇಡಂ, ಲೆಕ್ಕದಲ್ಲಿ ಒಂದು ತಪ್ಪು ಆಗಿಹೋಗಿದೆ...’

‘ಆಗಿಹೋಗಿದೆ ಅಂದ್ರೆ? ಅದಷ್ಟಕ್ಕೆ ಅದೇ ಆಯ್ತಾ? ಮಾಡಿದ್ದು ಯಾರು? ಹೊರಗೆ ಹೋಗಿ ಮತ್ತೆ ಬಾ.’

ಅವಳು ಹೋಗಿ ಮತ್ತೆ ಬಂದಳು. ‘ನಾನು ಒಂದು ತಪ್ಪು ಮಾಡಿದೆ ಮೇಡಂ,’ ಎಂದಳು. ಅವಳ ವಯಸ್ಸು ಇಪ್ಪತ್ತೆರಡು. ನನಗೆ ಐವತ್ತು ದಾಟಿದೆ. ಪರ್ಸನ್ನು ತೊಡೆಯ ಮೇಲಿಂದ ಎತ್ತಿ ಮೇಜಿನ ಕೆಳಗೆ ಇಟ್ಟುಬಿಟ್ಟೆ, ಅದು ಮೈಗೆ ತಾಗುತ್ತಿದ್ದರೆ ಕೂರಲು ಆಗುತ್ತಿರಲಿಲ್ಲ.

ಕ್ಲಾಸು ಮುಗಿಸಿ ನೆಟ್ಟಗೆ ಡೀನ್ ಕೋಣೆಗೆ ಹೋದೆ. ಬಾಗಿಲು ತಟ್ಟಿದೆ. ನಿಂತೇ ಹೇಳಿದೆ. ‘ನಾನು ನಾಲ್ಕು ವರ್ಷದ ಹಿಂದೆ ಯೂನಿವರ್ಸಿಟಿಗೆ ಅರ್ಧ ಕಾಗದ ಕಳಿಸಿದೆ. ಅದರಿಂದ ನಾಲ್ಕನೇ ಗುರಿ ಅವರ ಧ್ಯೇಯದೊಳಕ್ಕೆ ಹೋಗ್ಲೇ ಇಲ್ಲ, ಈಗ ನಮ್ಮಲ್ಲಿಂದ್ಲೂ ಹೋಗುತ್ತೆ. ನಾಳೆ ಆ ಕೋಷ್ಟಕ ಪಾಸ್ ಆಗೋದನ್ನ ನಿಲ್ಲಿಸ್ಬೇಕು.’

ಅವರು ಚೀಟಿ ನೋಡಿದರು. ಆಮೇಲೆ ಅವರು ಮಾಡಿದ್ದನ್ನೆಲ್ಲ ನಾನು ಒಂಬತ್ತು ವರ್ಷದಿಂದ ಪ್ರತಿ ಗುರುವಾರ ಮಾಡಿ ತೋರಿಸಿದ್ದೇನೆ. ಫೋನ್ ಬಂತು, ಎತ್ತಿ ಮಾತಾಡಿದರು. ಫೋನ್ ಇಟ್ಟು ‘ಟೀ ತರಿಸ್ಲಾ?’ ಎಂದರು. ನಾನು ಕದಲಲಿಲ್ಲ. ‘ನಾಳಿದ್ದು ಬನ್ನಿ, ನಿಧಾನವಾಗಿ ಮಾತಾಡೋಣ,’ ಎಂದರು. ಕದಲಲಿಲ್ಲ. ಕೊನೆಗೆ ಕನ್ನಡಕ ತೆಗೆದರು.

‘ಮೇಡಂ, ನಿಮ್ಮ ಒಳ್ಳೇದಕ್ಕೇ ಹೇಳ್ತೀನಿ. ಈ ಚೀಟಿ ನಾನು ನೋಡಿಲ್ಲ, ನೀವು ತೋರಿಸಿಲ್ಲ. ಹರಿದು ಆ ಬುಟ್ಟಿಗೆ ಹಾಕಿ. ನೀವು ಇದನ್ನ ಎತ್ತಿದ್ರೆ ತಪ್ಪು ನಿಮ್ಮ ತಲೆಗೆ ಬರುತ್ತೆ. ಯೂನಿವರ್ಸಿಟಿ ಧ್ಯೇಯಾನೇ ಅರ್ಧ ಕಾಗದದ ಮೇಲೆ ನಿಂತಿದೆ ಅಂತ ಮಾನ್ಯತೆ ತಂಡಕ್ಕೆ ಗೊತ್ತಾದ್ರೆ ನಮ್ಮ ಗತಿ ಏನು? ಒಂದು ಸಾಲು ಹೋದ್ರೆ ಹೋಯ್ತು. ಜೀವ ಹೋಗಲ್ವಲ್ಲ.’

ಆ ಕೊನೆಯ ಮಾತು ಆಡಬಾರದಿತ್ತು. ಅವರಿಗೂ ಅದು ಹೊಳೆಯಿತು, ಮುಖ ಕಪ್ಪಿಟ್ಟಿತು. ಯಾಕೆಂದರೆ ಭಾವನ ಮಣ್ಣಿಗೆ ಅವರೂ ಬಂದಿದ್ದರು.

‘ಹೋಗಿದೆ ಸರ್,’ ಎಂದೆ. ಚೀಟಿಯನ್ನು ಅವರ ಕೈಯಿಂದ ತೆಗೆದುಕೊಂಡು ಹೊರಬಂದೆ.

ಶುಕ್ರವಾರದ ಪರಿಷತ್ತು ಈ ಸಲ ನಮ್ಮ ಕಾಲೇಜಿನ ಮಹಡಿಯಲ್ಲೇ ಸೇರಿತ್ತು, ನಲವತ್ತು ಜನ. ಉದ್ದನೆ ಮೇಜಿನ ತಲೆಯಲ್ಲಿ ಕುಲಪತಿಗಳು. ಮೆಲ್ಲಗೆ ಮಾತಾಡುವ, ಕೈಗಡಿಯಾರವನ್ನು ಬಿಚ್ಚಿ ಮುಂದಿಟ್ಟುಕೊಂಡು ಕೂರುವ ಮನುಷ್ಯ. ನಮ್ಮ ಕೋಷ್ಟಕದ ಸರದಿ ಬಂದಾಗ ಬಾಣದವನು ಹಸಿರು ಸಾಲುಗಳನ್ನು ತೋರಿಸಿ ‘ಇಷ್ಟು ಹೊಂದಾಣಿಕೆ ಬೇರೆ ಯಾವ ಕಾಲೇಜಿನಲ್ಲೂ ಸಿಗಲಿಲ್ಲ’ ಎಂದ. ನಾನು ಎದ್ದು ನಿಂತೆ.

‘ಹೊಂದದೆ ಏನು. ಆ ಮೂರು ಮಾತು ನಮ್ಮ ಕೈಪಿಡಿಯಿಂದ್ಲೇ ಎತ್ತಿದ್ದು. ಮುಂಬದಿ ಎತ್ತಿದ್ದೀರಿ, ಹಿಂಬದಿ ಎತ್ತಿಲ್ಲ. ಯಾಕಂದ್ರೆ ಕಳಿಸಿದ್ದೇ ಒಂದು ಬದಿ. ಕಳಿಸಿದ್ದು ನಾನು. ಚೀಟಿ ಇಲ್ಲಿದೆ, ಸಹಿ ನನ್ನದು.’

ಮೇಜಿನ ಎರಡೂ ಕಡೆ ಗುಸುಗುಸು ಎದ್ದಿತು. ನಾನು ಕೈಪಿಡಿಯನ್ನು ಕುಲಪತಿಗಳ ಮುಂದೆ ಇಟ್ಟೆ. ಅವರು ಮೂರು ಗುರಿಗಳನ್ನು ಓದಿದರು, ಹಾಳೆ ತಿರುವಿದರು. ಇಡೀ ಪುಟದಲ್ಲಿ ಅದೊಂದೇ ವಾಕ್ಯ.

ಡೀನ್ ಎದ್ದು, ‘ಸರ್, ಇದು ಗುಮಾಸ್ತಿಕೆ ತಪ್ಪು, ಯಾರದ್ದು ಅಂತ ಹೇಳೋಕಾಗಲ್ಲ...’ ಎಂದರು.

‘ಅವರು ಹೇಳಿದ್ರಲ್ಲ, ಯಾರದು ಅಂತ,’ ಎಂದರು ಕುಲಪತಿಗಳು.

ತೀರ್ಮಾನ ಹೀಗಾಯಿತು: ಧ್ಯೇಯವಾಕ್ಯದ ಮರುಪರಿಶೀಲನೆ ಆಗುವವರೆಗೆ ನಾಲ್ಕನೇ ಸಾಲು ಖಾಲಿ ಮನೆಗಳ ಸಮೇತ ಹಾಗೇ ಇರುವುದು, ಕ್ಲಾಸು ನಡೆಯುವುದು. ಬೇಜವಾಬ್ದಾರಿಗಾಗಿ ನನಗೆ ಲಿಖಿತ ಎಚ್ಚರಿಕೆ ಕೊಟ್ಟು, ಕಲಿಕಾ ಗುರಿಗಳ ಸಮಿತಿಯಿಂದ ತೆಗೆಯುವುದು. ಎರಡನೆಯದನ್ನು ಓದುವಾಗ ಬಾಣದವನ ಮುಖ ಅರಳಿತು. ಅರಳಲಿ. ನಾನು ಗೆದ್ದಿದ್ದೆ. ಅಕ್ಕನಿಗೆ ಹೇಳಬೇಕೆಂದು ಮೆಟ್ಟಿಲನ್ನು ಎರಡೆರಡು ಇಳಿದು ಓಡಿದೆ.

ಜೆರಾಕ್ಸ್ ಕೋಣೆಯ ಬಾಗಿಲು ತಳ್ಳಿಕೊಂಡು ಒಳನುಗ್ಗಿ, ‘ಉಳೀತು ಅಕ್ಕ. ಎಲ್ಲರ ಮುಂದೆ ಹೇಳಿದೆ. ನಲವತ್ತು ಜನ. ನನ್ನದೇ ತಪ್ಪು ಅಂತ ಹೇಳಿದೆ,’ ಎಂದೆ.

‘ಕೇಳ್ದೆ. ಆಗ್ಲೇ ಸುದ್ದಿ ಬಂತು.’ ಅವಳು ಯಂತ್ರ ನಿಲ್ಲಿಸಿದಳು. ‘ಚೀಟಿ ಎಲ್ಲಿ?’

ಕೊಟ್ಟೆ. ಅವಳು ತೆಗೆದುಕೊಳ್ಳಲಿಲ್ಲ.

‘ಹಿಂದೆ ನೋಡಿದ್ಯಾ?’

ನೋಡಿರಲಿಲ್ಲ. ಮೂರು ದಿನ ಪರ್ಸಿನಲ್ಲಿಟ್ಟುಕೊಂಡು ಓಡಾಡಿದ್ದೆ, ಡೀನಿಗೆ ತೋರಿಸಿದ್ದೆ, ನಲವತ್ತು ಜನರ ಮುಂದೆ ಎತ್ತಿ ಹಿಡಿದಿದ್ದೆ. ತಿರುಗಿಸಿ ನೋಡಿರಲಿಲ್ಲ. ತಿರುಗಿಸಿದೆ. ಅಕ್ಕನ ಗುಂಡು ಅಕ್ಷರದಲ್ಲಿ ಪೆನ್ಸಿಲಿನಿಂದ ಬರೆದಿತ್ತು.

‘ಹಿಂದಿನ ಪುಟದಲ್ಲೂ ಇದೆ, ಬೇಕಾ ಅಂತ ಫೋನ್ ಮಾಡಿ ಕೇಳಿದೆ. ಬರೆದಷ್ಟು ಮಾಡು, ತಲೆ ತಿನ್ನಬೇಡ ಅಂದರು.’

ಹಾಗೆ ಅಂದವಳು ನಾನೇ, ಆದರೆ ಆ ಫೋನು ನನಗೆ ನೆನಪೇ ಇರಲಿಲ್ಲ. ಈಗಲೂ ಇಲ್ಲ. ಎಷ್ಟು ಯೋಚಿಸಿದರೂ ಬರುವುದಿಲ್ಲ. ನನಗೆ ಅದು ಅಷ್ಟು ಸಣ್ಣ ಫೋನಾಗಿತ್ತು.

‘ನಾಲ್ಕು ವರ್ಷ ನೀನು ಯಾಕೆ ಹೇಳ್ಲಿಲ್ಲ?’ ಎಂದೆ. ಬಾಯಿಂದ ಬಿದ್ದಮೇಲೆ ಆ ಮಾತಿಗೆ ನನಗೇ ಅಸಹ್ಯವಾಯಿತು.

‘ಹೇಳಿದ್ನಲ್ಲ.’ ಮೊದಲ ಸಲ ಅವಳ ದನಿ ಏರಿತು. ‘ಕಂಡಿದ್ದು ನಾನು. ಬಾಯಿಬಿಟ್ಟು ಹೇಳಿದ್ದೂ ನಾನು. ಆ ಪುಟ ಏನು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವತ್ತು ಆ ಪುಟಾನ ಗಾಜಿನ ಮೇಲೆ ಇಟ್ಟು ಮುಚ್ಚಳ ಮುಚ್ಚಿ, ಮತ್ತೆ ತೆಗೆದೆ. ಒತ್ತಲಿಲ್ಲ. ದೊಡ್ಡವರು ಬೇಡ ಅಂದ್ರಲ್ಲ. ಈ ಗೋಡೆ ಆಚೆ ನಿನ್ನ ಕ್ಲಾಸು. ಒಂಬತ್ತು ವರ್ಷದಿಂದ ಪ್ರತಿ ಗುರುವಾರ ಕೇಳಿಸ್ಕೊಂಡು ಕೆಲಸ ಮಾಡ್ತೀನಿ. ಗದರಿದ್ರೂ ಕದಲಬಾರ್ದು ಅಂತೀಯ ಅವರಿಗೆ. ನಾನು ಕದಲಿದೆ. ಅದಕ್ಕೆ ನನ್ನ ಮೇಲೂ ನನಗೆ ಸಿಟ್ಟಿದೆ. ನಿನ್ನ ಮೇಲೆ ಇನ್ನೂ ಜಾಸ್ತಿ ಇದೆ.’

ನಾನು ಏನೋ ಹೇಳಲು ಹೊರಟೆ. ಅವಳು ಕೈ ಎತ್ತಿ ತಡೆದು, ಮೇಜಿನ ಹಿಂದಿನ ತನ್ನ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಳು.

‘ಹಂಗಲ್ಲ,’ ಎಂದಳು. ‘ಬಾಗಿಲು ತಟ್ಟದೆ ನುಗ್ಗಿದೆ. ಹೊರಗೆ ಹೋಗಿ ಮತ್ತೆ ಬಾ.’

ಹೊರಗೆ ಹೋದೆ. ಕಾರಿಡಾರಿನಲ್ಲಿ ಒಂದಿಬ್ಬರು ವಿದ್ಯಾರ್ಥಿಗಳು ನಿಂತು ನೋಡುತ್ತಿದ್ದರು, ಎಂದೂ ಇಲ್ಲದಂತೆ ಕಿಡಿ ಮೇಡಂ ಜೆರಾಕ್ಸ್ ಕೋಣೆಯ ಬಾಗಿಲು ತಟ್ಟುವುದನ್ನು. ‘ಬಾ’ ಎಂದು ಅಕ್ಕ ಹೇಳುವ ತನಕ ಕಾದೆ. ಒಳಗೆ ಹೋಗಿ ಮೇಜಿನ ಮುಂದೆ ನಿಂತೆ.

‘ನಾನು...’ ಎಂದೆ. ನಲವತ್ತು ಜನರ ಮುಂದೆ ಸಲೀಸಾಗಿ ಬಂದ ಮಾತು ಇಲ್ಲಿ ಮುಂದಕ್ಕೆ ಹೋಗಲಿಲ್ಲ. ಅಕ್ಕ ಸಹಾಯ ಮಾಡಲಿಲ್ಲ.

‘ನಾನು ನಿನ್ನ ಮಾತು ಕೇಳದೆ ಗದರಿ ಫೋನ್ ಇಟ್ಟೆ. ಅದರಿಂದ ಭಾವನ ಪುಟ ಹೋಗ್ತಿತ್ತು. ಇನ್ಮೇಲೆ...’ ಏನು ನಿಲ್ಲಿಸಬೇಕೆಂದು ನನಗೆ ಗೊತ್ತಿತ್ತು. ಮೂರು ದಿನ ಊರಿಗೆಲ್ಲ ಹಂಚಿದ ಸಿಟ್ಟಿನಲ್ಲಿ ಒಂದು ಪಾಲೂ ಇವಳಿಗಾಗಿ ಇರಲಿಲ್ಲ, ಎಲ್ಲ ನನ್ನ ಸಾಲಿಗಾಗಿ, ನನ್ನ ಕ್ಲಾಸಿಗಾಗಿ. ‘ಇನ್ಮೇಲೆ ನೀನು ಫೋನ್ ಮಾಡಿದ್ರೆ ನಾನೇ ಕೆಳಗೆ ಇಳಿದು ಬಂದು ನೋಡ್ತೀನಿ.’

ಅಕ್ಕ ನನ್ನ ಮುಖ ನೋಡಿದಳು. ಸಮಾಧಾನವಾದ ಮುಖವಲ್ಲ ಅದು. ನಾನು ಕದಲಲಿಲ್ಲ. ಆಮೇಲೆ ಅವಳು ಹೊಸದೊಂದು ಚೀಟಿ ಎಳೆದುಕೊಂಡು ಪೆನ್ಸಿಲಿನಿಂದ ಬರೆದು ನನ್ನ ಕಡೆ ತಳ್ಳಿದಳು.

‘ಕೈಪಿಡಿ, ಗುರಿಗಳ ಪುಟ. ಎರಡೂ ಬದಿ.’

‘ಎಷ್ಟು ಪ್ರತಿ ಅಂತ ನೀನು ಬರಿ,’ ಎಂದಳು. ‘ಸಹಿ ಹಾಕು. ತುರ್ತು ಅಂತ ಬರೀಬೇಡ.’